ವಿದ್ವತ್ಪತ್ರಿಕೆಯ ಮೂಲಪುರುಷ ಹೆನ್ರಿ ಓಲ್ಡೆನ್‌ಬರ್ಗನ ಚರಿತ್ರೆ

ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಗುರುಪರಂಪರೆಯ ವೃತ್ತಾಂತಗಳನ್ನೂ ಶರಣರ ಜೀವಿತಗಳನ್ನೂ ಓದುತ್ತ ಬಂದ ಭಕ್ತಮಹಾಶಯರಿಗೆ, ಸಮುದ್ರದಾಚೆಯ ಒಬ್ಬ ಪರಮತೀಯನ ಚರಿತ್ರೆಯು ಇಲ್ಲಿ ಏಕೆ ಬಂದಿತೆಂಬ ಶಂಕೆಯು ಹುಟ್ಟುವುದು ಸಹಜವಾಗಿದೆ. ಅದರ ಸಮಾಧಾನವನ್ನು ಮೊದಲೇ ಹೇಳಿಬಿಡುವೆವು. ನಮ್ಮ ನಾಡಿನಲ್ಲಿ ಫ. ಗು. ಹಳಕಟ್ಟಿಯವರು ೧೯೨೬ನೆಯ ಇಸವಿಯಲ್ಲಿ ವಿಜಾಪುರದಿಂದ ಶಿವಾನುಭವ ಪತ್ರಿಕೆಯನ್ನು ಹೊರಡಿಸಿ, ಮಠಗಳ ಗಂಟುಗಳಲ್ಲಿಯೂ ಭಕ್ತರ ಮನೆಯ ದೇವರ ಜಗಲಿಗಳ ಮೇಲೆಯೂ ಅಡಗಿದ್ದ ವಚನಸಾಹಿತ್ಯವನ್ನು ಬೆಳಕಿಗೆ ತಂದುದನ್ನು ಅರಿಯದವರಿಲ್ಲ. ವಿದ್ವಾಂಸರ ಶೋಧನೆಗಳನ್ನು ಕಾಲಕಾಲಕ್ಕೆ ಅಚ್ಚುಹಾಕಿ ಲೋಕಕ್ಕೆ ಒಪ್ಪಿಸುವ ಇಂತಹ ಪತ್ರಿಕೆಗಳ ಪರಂಪರೆಯನ್ನು ಮೇಲೆಮೇಲೆ ಹಿಡಿದುಹೋದರೆ, ಅದರ ಮೊದಲಿಗೆ ನಿಲ್ಲುವವನು ಈ ಹೆನ್ರಿ ಓಲ್ಡೆನ್‌ಬರ್ಗನು. ಒಬ್ಬನ ಅರಿವನ್ನು ಮತ್ತೊಬ್ಬನಿಗೆ ತಲುಪಿಸುವವನ ಹೊಣೆಯೇನು? ಕೈಗೆ ಬಂದ ಬರಹವನ್ನು ಪರೀಕ್ಷಿಸದೆ ಅಚ್ಚಿಗೆ ಕೊಡಬಹುದೇ? ಇಬ್ಬರು ಒಂದೇ ಶೋಧನೆಯನ್ನು ತಮ್ಮದೆಂದಾಗ ಯಾರ ಹೆಸರು ಮೊದಲು? ಅಚ್ಚಾಗಿ ಹೋದ ತಪ್ಪನ್ನು ತಿದ್ದುವ ಬಗೆ ಯಾವುದು? ಈ ಪ್ರಶ್ನೆಗಳೆಲ್ಲವೂ ಅವನಿಗೆ ಒಂದರ ಮೇಲೊಂದು ಎದುರಾದುವು. ಉತ್ತರವನ್ನು ಕೇಳೋಣವೆಂದರೆ ಅವನ ಹಿಂದೆ ಅಂತಹ ಕಾರ್ಯವನ್ನು ನಡಿಸಿದ ಹಿರಿಯರಾರೂ ಇರಲಿಲ್ಲ. ಕೆಲವು ಗಂಟುಗಳನ್ನು ಅವನು ಚೆನ್ನಾಗಿ ಬಿಡಿಸಿದನು, ಕೆಲವುಗಳಲ್ಲಿ ಎಡವಿದನು. ಎರಡನ್ನೂ ಮರೆಮಾಚದೆ ಇಲ್ಲಿ ನಿರೂಪಿಸುವೆವು.

ಓಲ್ಡೆನ್‌ಬರ್ಗನು ಜರ್ಮನಿಯ ಬ್ರೆಮೆನ್ ಪಟ್ಟಣದಲ್ಲಿ ೧೬೧೯ನೆಯ ಇಸವಿಯ ಸುಮಾರಿಗೆ ಜನಿಸಿದನು. ತಂದೆಯು ಅಧ್ಯಾಪಕ ವೃತ್ತಿಯವನು. ಅದೇ ಊರಿನ ವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ಓದಿ ೧೬೩೯ರಲ್ಲಿ ಪದವಿಯನ್ನು ಪಡೆದ ತರುವಾಯ, ಶ್ರೀಮಂತರ ಮಕ್ಕಳಿಗೆ ಪಾಠ ಹೇಳುತ್ತ ಹಲವು ದೇಶಗಳನ್ನು ಸುತ್ತಿ, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್, ಡಚ್ ಮೊದಲಾದ ಭಾಷೆಗಳಲ್ಲಿ ನುರಿತನು. ೧೬೫೩ರಲ್ಲಿ ಇಂಗ್ಲಿಷರಿಗೂ ಡಚ್ಚರಿಗೂ ಸಮುದ್ರಯುದ್ಧವು ನಡೆಯುತ್ತಿದ್ದಾಗ, ತಮ್ಮ ಹಡಗುಗಳಿಗೆ ಹಾನಿಯಾಗದಂತೆ ಕ್ರಾಮ್‌ವೆಲ್ಲನೊಡನೆ ಮಾತುಕತೆ ನಡಿಸಲು ಬ್ರೆಮೆನ್ನಿನವರು ಇವನನ್ನೇ ಲಂಡನ್ನಿಗೆ ಕಳುಹಿದರು. ಬಂದ ರಾಜಕಾರ್ಯವು ಮುಗಿಯಿತು. ಬಂದವನು ಮಾತ್ರ ಅಲ್ಲಿಯವನೇ ಆದನು. ರಸಾಯನಶಾಸ್ತ್ರದ ಮಹಾಪಂಡಿತನಾದ ರಾಬರ್ಟ್ ಬಾಯ್ಲನ ಸೋದರಳಿಯನಿಗೆ ಉಪಾಧ್ಯಾಯನಾಗಿ, ಆ ಹುಡುಗನೊಡನೆ ೧೬೫೭ರಿಂದ ಕೆಲವು ವರುಷ ಫ್ರಾನ್ಸ್ ಜರ್ಮನಿಗಳಲ್ಲಿ ಸಂಚರಿಸಿದನು. ಪ್ಯಾರಿಸಿನ ವಿದ್ವದ್ಗೋಷ್ಠಿಗಳಲ್ಲಿ ಕುಳಿತು ಕೇಳಿದ ಅನುಭವವು ಮುಂದೆ ಅವನಿಗೆ ಬಹಳ ಉಪಯೋಗಕ್ಕೆ ಬಂದಿತು. ೧೬೬೧ರಲ್ಲಿ ಹಾಲೆಂಡಿನ ರೈನ್ಸ್‌ಬರ್ಗಿಗೆ ಹೋಗಿ, ಆಗಿನ್ನೂ ಹೆಸರಾಗದಿದ್ದ ತತ್ತ್ವಜ್ಞಾನಿ ಸ್ಪಿನೋಜನನ್ನು ಕಂಡು ಮಾತಾಡಿ ಬಂದನು. ಯಾರಲ್ಲಿ ಏನಿದೆಯೆಂಬುದನ್ನು ಗುರುತಿಸುವ ಕಣ್ಣು ಅವನಿಗಿದ್ದಿತು. ತಾನಾಗಿ ಯಾವ ದೊಡ್ಡ ಶೋಧನೆಯನ್ನೂ ಅವನು ಮಾಡಲಿಲ್ಲ.

ಲಂಡನ್ನಿನಲ್ಲಿ ೧೬೬೦ರ ನವೆಂಬರಿನಲ್ಲಿ ಪ್ರಕೃತಿಶಾಸ್ತ್ರಗಳ ವಿಚಾರಕ್ಕಾಗಿ ಕೂಡಿದ ಸಭೆಯು ೧೬೬೨ರಲ್ಲಿ ಅರಸನ ಸನ್ನದನ್ನು ಪಡೆದು ರಾಯಲ್ ಸೊಸೈಟಿ ಎನಿಸಿಕೊಂಡಿತು. ಅದರ ಇಬ್ಬರು ಕಾರ್ಯದರ್ಶಿಗಳಲ್ಲಿ ಓಲ್ಡೆನ್‌ಬರ್ಗನು ಒಬ್ಬನಾದನು. ಸಭೆಯ ನಡವಳಿಯನ್ನು ಬರೆದಿಡುವುದು, ದೇಶದೇಶಗಳ ಪಂಡಿತರಿಗೆ ಪತ್ರ ಬರೆಯುವುದು, ಬಂದ ಉತ್ತರಗಳನ್ನು ಭಾಷಾಂತರಿಸಿ ಸಭೆಯಲ್ಲಿ ಓದುವುದು, ಮತ್ತೆ ಪ್ರತ್ಯುತ್ತರವನ್ನು ಬರೆಯುವುದು, ಇವೆಲ್ಲ ಅವನೊಬ್ಬನ ತಲೆಯ ಮೇಲಿನ ಹೊರೆ. ಇಷ್ಟಕ್ಕೂ ಅನೇಕ ವರುಷಗಳವರೆಗೆ ಸಂಬಳವೆಂಬುದೇ ಇರಲಿಲ್ಲ. ಕಡೆಗೆ ವರುಷಕ್ಕೆ ೪೦ ಪೌಂಡುಗಳನ್ನು ಗೊತ್ತುಮಾಡಿದರು. ಅಂಚೆಯ ವೆಚ್ಚವು ಆ ಕಾಲದಲ್ಲಿ ಪತ್ರವನ್ನು ಪಡೆದವನ ಮೇಲೆ ಬೀಳುತ್ತಿದ್ದುದರಿಂದ, ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಗ್ರುಬೆಂಡೋಲ್ ಎಂಬ ಇಲ್ಲದ ಮನುಷ್ಯನನ್ನು ಸೃಷ್ಟಿಸಿ, ಪರದೇಶದ ಪತ್ರಗಳು ಆ ಹೆಸರಿಗೆ ಬರುವಂತೆ ಏರ್ಪಡಿಸಿದನು. ಹಾಗೆ ಬಂದವು ಸರಕಾರದ ಕಚೇರಿಯ ಮೂಲಕ ವೆಚ್ಚವಿಲ್ಲದೆ ಅವನಿಗೆ ತಲುಪುತ್ತಿದ್ದುವು. ಪ್ರತಿಯಾಗಿ ಅವುಗಳಲ್ಲಿದ್ದ ರಾಜಕೀಯ ವರ್ತಮಾನವನ್ನು ಅವನು ಕಚೇರಿಗೆ ತಿಳಿಸುತ್ತಿದ್ದನು. ವಿದ್ಯೆಗಾಗಿ ಬರೆದ ಪತ್ರದಿಂದ ಅರಸರಿಗೆ ಸುದ್ದಿಯನ್ನು ಕೊಡುವುದು ಎಷ್ಟರಮಟ್ಟಿಗೆ ಸಮಂಜಸವೆಂದು ಇಂದಿನವರು ಕೇಳಬಹುದು. ಕೇಳತಕ್ಕ ಮಾತೇ ಸರಿ. ಬಡವನಾದ ಕಾರ್ಯದರ್ಶಿಯು ಕಂಡುಕೊಂಡ ದಾರಿಯು ಅದಾಗಿದ್ದಿತು; ಅದೇ ದಾರಿಯು ಮುಂದೆ ಅವನಿಗೆ ಮುಳ್ಳಾಯಿತು.

ಪತ್ರಗಳ ರಾಶಿಯು ಬೆಳೆದಂತೆಲ್ಲ, ಅವುಗಳ ಸಾರವನ್ನು ಅಚ್ಚುಹಾಕಿ ಎಲ್ಲರಿಗೂ ದೊರೆಯುವಂತೆ ಮಾಡಬಾರದೇಕೆಂಬ ಆಲೋಚನೆಯು ಅವನಲ್ಲಿ ಹುಟ್ಟಿತು. ೧೬೬೫ರ ಮಾರ್ಚ್ ೧ರಂದು ಸೊಸೈಟಿಯ ಆಡಳಿತ ಮಂಡಲಿಯು ಅದಕ್ಕೆ ಅನುಮತಿಯನ್ನಿತ್ತಿತು. ಸಾಕಷ್ಟು ವಿಷಯವಿದ್ದರೆ ತಿಂಗಳ ಮೊದಲನೆಯ ಸೋಮವಾರ ಸಂಚಿಕೆಯು ಹೊರಡಬೇಕೆಂದೂ, ಅದಕ್ಕೆ ಮುಂಚೆ ಮಂಡಲಿಯ ಕೆಲವು ಸದಸ್ಯರು ಅದನ್ನು ಓದಿ ನೋಡಬೇಕೆಂದೂ ಕಟ್ಟಳೆಯಾಯಿತು. ಅಚ್ಚಿಗೆ ಮೊದಲು ಬಲ್ಲವರ ಕಣ್ಣಿಗೆ ತೋರಿಸಬೇಕೆಂಬ ನಿಯಮದ ಬೀಜವನ್ನು ಇದರಲ್ಲಿ ಕಾಣಬಹುದು. ಮಾರ್ಚ್ ೬ರಂದು ಫಿಲಸಾಫಿಕಲ್ ಟ್ರ್ಯಾನ್ಸಾಕ್ಷನ್ಸ್ ಎಂಬ ಹೆಸರಿನಿಂದ ೧೬ ಪುಟಗಳ ಮೊದಲನೆಯ ಸಂಚಿಕೆಯು ಹೊರಬಿದ್ದಿತು. ಗುರುಗ್ರಹದ ಮೇಲೆ ರಾಬರ್ಟ್ ಹುಕ್ಕನು ಕಂಡ ಕಲೆ, ಇಟಲಿಯಲ್ಲಿ ಮಾಡಿದ ಹೊಸ ದುರ್ಬೀನಿನ ಗಾಜುಗಳು, ಜರ್ಮನಿಯ ಸೀಸದ ಅದಿರು, ಬರ್ಮುಡಾ ದ್ವೀಪದ ತಿಮಿಂಗಿಲಗಳ ಬೇಟೆ, ವಿಕಾರವಾಗಿ ಹುಟ್ಟಿದ ಒಂದು ಕರು, ಮಹಾಗಣಿತಜ್ಞ ಫೆರ್ಮಾನ ಮರಣ, ಹೀಗೆ ಸಂತೆಯ ಚೀಲದಂತೆ ಎಲ್ಲವೂ ಅದರಲ್ಲಿದ್ದುವು. ಪತ್ರಿಕೆಯು ಸೊಸೈಟಿಯ ಸ್ವತ್ತಾಗಿರಲಿಲ್ಲ. ಲಾಭನಷ್ಟಗಳೂ ತಪ್ಪೊಪ್ಪುಗಳೂ ತನ್ನೊಬ್ಬನವೇ ಎಂಬುದನ್ನು ಅವನು ಓದುಗರಿಗೆ ತಿಳಿಸಿದನು. ತನ್ನ ಬರಹಕ್ಕೆ ದೊಡ್ಡ ಸಂಸ್ಥೆಯ ಹೆಸರಿನ ನೆರಳನ್ನು ಹಿಡಿಯದೆ ಇದ್ದುದು ಅವನ ಗುಣಗಳಲ್ಲಿ ಒಂದೆಂದು ನಾವು ಎಣಿಸುವೆವು.

ಇದಕ್ಕೆ ಎರಡು ತಿಂಗಳು ಮೊದಲು, ಅದೇ ೧೬೬೫ರ ಜನವರಿಯಲ್ಲಿ, ಪ್ಯಾರಿಸಿನಲ್ಲಿ ದೆನಿ ದ ಸಾಲೋ ಎಂಬವನು ಜೂರ್ನಾಲ್ ದೆ ಸಾವಾಂ ಎಂಬ ಪತ್ರಿಕೆಯನ್ನು ಆರಂಭಿಸಿದ್ದನು. ಗ್ರಂಥಗಳ ಗುಣದೋಷಗಳನ್ನು ಖಡಾಖಂಡಿತವಾಗಿ ಬರೆಯುತ್ತಿದ್ದ ಅವನ ಮೇಲೆ ಗ್ರಂಥಕರ್ತರೂ ಧರ್ಮಾಧಿಕಾರಿಗಳೂ ಮುನಿದು, ಮೂರು ತಿಂಗಳಲ್ಲಿ ಪತ್ರಿಕೆಯು ನಿಂತುಹೋಯಿತು. ಮರುವರುಷ ಬೇರೊಬ್ಬನ ಕೈಯಲ್ಲಿ ಮತ್ತೆ ಹೊರಟಿತು. ಓಲ್ಡೆನ್‌ಬರ್ಗನು ತೀರ್ಪುಗಾರನ ಪೀಠವನ್ನು ಏರಲಿಲ್ಲ. ಬರೆದವನ ಶೋಧನೆಯನ್ನು ಅವನ ಹೆಸರಿನಿಂದಲೇ ಕೊಟ್ಟು, ಆಕ್ಷೇಪವು ಬಂದರೆ ಅದನ್ನೂ ಕೊಟ್ಟು, ಮುಂದಿನದನ್ನು ಓದುಗರ ಬುದ್ಧಿಗೆ ಬಿಡುವುದು ಅವನ ರೀತಿಯಾಗಿದ್ದಿತು. ಪತ್ರಗಳು ಬಂದ ದಿನವನ್ನು ತಪ್ಪದೆ ದಾಖಲೆಮಾಡಿಸುತ್ತಿದ್ದನು. ಯಾರು ಮೊದಲು ಕಂಡರೆಂಬ ವಿವಾದವು ಎದ್ದಾಗ ಆ ತಾರೀಖೇ ಸಾಕ್ಷಿಯಾಗುತ್ತಿದ್ದಿತು. ಅದುವರೆಗೆ ಪಂಡಿತರು ಕದಿಯುವವರ ಭಯದಿಂದ ತಮ್ಮ ಶೋಧನೆಗಳನ್ನು ಪೆಟ್ಟಿಗೆಯಲ್ಲಿಯೋ ಒಗಟಿನ ಅಕ್ಷರಗಳಲ್ಲಿಯೋ ಬಚ್ಚಿಡುತ್ತಿದ್ದರು. ಬಚ್ಚಿಡುವುದಕ್ಕಿಂತ ಬೇಗನೆ ಪ್ರಕಟಿಸುವುದರಿಂದಲೇ ಹೆಸರು ಉಳಿಯುವುದೆಂಬ ನಂಬಿಕೆಯನ್ನು ಅವರಲ್ಲಿ ಹುಟ್ಟಿಸಿದ ಶ್ರೇಯಸ್ಸು ಬಹುಮಟ್ಟಿಗೆ ಇವನದು. ನಮ್ಮ ಲಿಪಿಕಾರರು ಓಲೆಯ ಕಡೆಯಲ್ಲಿ ತಾವು ಪ್ರತಿಮಾಡಿದ ದಿನವನ್ನೂ ಬರೆಯಿಸಿದವರ ಹೆಸರನ್ನೂ ನಮೂದಿಸುತ್ತಿದ್ದ ಪದ್ಧತಿಯ ಬೆಲೆಯನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಪತ್ರಿಕೆಯು ಹುಟ್ಟಿದ ವರುಷವೇ ಲಂಡನ್ನಿಗೆ ಮಹಾಮಾರಿಯು ಬಂದಿತು. ಸೊಸೈಟಿಯವರು ಊರನ್ನು ಬಿಟ್ಟು ಚೆದುರಿದರು. ಇವನು ಅಲ್ಲಿಯೇ ನಿಂತನು. ಕೆಲವು ಸಂಚಿಕೆಗಳನ್ನು ಆಕ್ಸ್‌ಫರ್ಡಿನಲ್ಲಿ ಅಚ್ಚುಹಾಕಿಸಬೇಕಾಯಿತು. ಮರುವರುಷದ ಬೆಂಕಿಯಲ್ಲಿ ಪುಸ್ತಕ ವ್ಯಾಪಾರಿಗಳ ದಾಸ್ತಾನೆಲ್ಲ ಸುಟ್ಟು ಬೂದಿಯಾಯಿತು. ಪತ್ರಿಕೆಯಿಂದ ಬರುವುದೆಂದು ಅವನು ನಂಬಿದ್ದ ಆದಾಯವು ಎಂದೂ ಕೈಸೇರಲಿಲ್ಲ.

ಇದಕ್ಕಿಂತಲೂ ಕಠಿಣವಾದ ಕಾಲವು ೧೬೬೭ರಲ್ಲಿ ಒದಗಿತು. ಆ ವರುಷದ ಜೂನಿನಲ್ಲಿ ಡಚ್ಚರ ನೌಕಾಪಡೆಯು ಮೆಡ್ವೇ ನದಿಯನ್ನು ಹೊಕ್ಕು ಇಂಗ್ಲಿಷರ ಯುದ್ಧನೌಕೆಗಳನ್ನು ಸುಟ್ಟಿತು. ಸೋತವರಿಗೆ ಎಲ್ಲೆಲ್ಲಿಯೂ ದ್ರೋಹಿಗಳೇ ಕಾಣುವರು. ಪರದೇಶದಲ್ಲಿ ಹುಟ್ಟಿದವನು, ಪರದೇಶಗಳಿಗೆ ದಿನಂಪ್ರತಿ ಪತ್ರ ಬರೆಯುವವನು, ಯುದ್ಧವನ್ನು ನಡಿಸಿದ ರೀತಿಯನ್ನು ಒಂದು ಪತ್ರದಲ್ಲಿ ಟೀಕಿಸಿದವನು ಎಂಬ ಕಾರಣಗಳಿಂದ ಜೂನ್ ೨೦ರಂದು ಓಲ್ಡೆನ್‌ಬರ್ಗನನ್ನು ಹಿಡಿದು ಲಂಡನ್ನಿನ ಟವರ್ ಎಂಬ ಕೋಟೆಯ ಸೆರೆಗೆ ಹಾಕಿದರು. ವಿಚಾರಣೆಯೂ ಇಲ್ಲ, ಶಿಕ್ಷೆಯ ಅವಧಿಯೂ ಇಲ್ಲ. ಸ್ನೇಹಿತರಲ್ಲಿ ಹಲವರು ಸುಮ್ಮನಾದರು. ಜಾನ್ ಈವ್ಲಿನನು ಆಗಸ್ಟಿನಲ್ಲಿ ಸೆರೆಮನೆಗೇ ಹೋಗಿ ನೋಡಿ ಬಂದನು. ಆಗಸ್ಟ್ ೨೬ರಂದು ಬಿಡುಗಡೆಯಾಯಿತು.

ಅವನು ಸೆರೆಯಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕಾಗಿದೆ. ಪ್ಯಾರಿಸಿನ ವೈದ್ಯನಾದ ಜಾನ್ ದೆನಿ ಎಂಬವನು ಆ ಜೂನಿನಲ್ಲಿ ಕುರಿಮರಿಯ ರಕ್ತವನ್ನು ಒಬ್ಬ ಹುಡುಗನ ನಾಳದೊಳಕ್ಕೆ ಹರಿಸಿ, ಆ ಪ್ರಯೋಗವನ್ನು ಪತ್ರರೂಪವಾಗಿ ಪ್ರಕಟಿಸಿದನು. ಸಂಪಾದಕನಿಲ್ಲದ ಆ ಜುಲೈಯಲ್ಲಿ, ಅದರ ಇಂಗ್ಲಿಷ್ ಭಾಷಾಂತರವು ಟ್ರ್ಯಾನ್ಸಾಕ್ಷನ್ಸಿನ ೨೭ನೆಯ ಸಂಚಿಕೆಯಾಗಿ ಹೊರಬಿದ್ದಿತು. ರಕ್ತವನ್ನು ಒಂದು ದೇಹದಿಂದ ಇನ್ನೊಂದಕ್ಕೆ ಹರಿಸುವ ಆಲೋಚನೆಯು ಹತ್ತು ವರುಷಗಳ ಹಿಂದೆಯೇ ಪ್ಯಾರಿಸಿನ ಗೋಷ್ಠಿಯಲ್ಲಿ ಹುಟ್ಟಿತೆಂದು ಅದರಲ್ಲಿ ಹೇಳಿದ್ದಿತು. ಆದರೆ ಒಂದು ಪ್ರಾಣಿಯಿಂದ ಮತ್ತೊಂದಕ್ಕೆ ರಕ್ತವನ್ನು ಹರಿಸುವ ಕ್ರಮವನ್ನು ಇಂಗ್ಲೆಂಡಿನ ರಿಚರ್ಡ್ ಲೋವರನು ಮಾಡಿ ತೋರಿಸಿ, ಅದು ೧೬೬೬ರ ಡಿಸೆಂಬರಿನಲ್ಲಿಯೇ ಇದೇ ಪತ್ರಿಕೆಯಲ್ಲಿ ಅಚ್ಚಾಗಿದ್ದಿತು. ಓಲ್ಡೆನ್‌ಬರ್ಗನು ಹೊರಬಂದೊಡನೆ ಮಾಡಿದ ಮೊದಲನೆಯ ಕೆಲಸವೆಂದರೆ, ತನ್ನ ಕೈ ತಾಗದೆ ಹೊರಟ ಆ ಸಂಚಿಕೆಯನ್ನು ತಳ್ಳಿಹಾಕಿ, ಅದೇ ೨೭ನೆಯ ಸಂಖ್ಯೆಯಿಂದ ಬೇರೊಂದನ್ನು ಸೆಪ್ಟೆಂಬರಿನಲ್ಲಿ ಅಚ್ಚುಹಾಕಿಸಿದುದು. ಮೊದಲಿನದು ಹೇಗೆ ಹೊರಟಿತೆಂಬುದನ್ನೂ, ಫ್ರೆಂಚರ ಮಾತು ಎಲ್ಲಿ ನಿಲ್ಲಲಾರದೆಂಬುದನ್ನೂ, ಇಂಗ್ಲೆಂಡಿನ ಪ್ರಯೋಗಗಳ ಕಾಲವನ್ನೂ ಅದರಲ್ಲಿ ಬಹಿರಂಗವಾಗಿ ಬರೆದನು. ಅಚ್ಚಾದುದನ್ನು ಗುಟ್ಟಾಗಿ ಅಡಗಿಸಿ ಸುಮ್ಮನಿರುವುದು ಸುಲಭವಾಗಿದ್ದಿತು. ಎರಡು ತಿಂಗಳ ಸೆರೆಯಿಂದ ಬಳಲಿ ಬಂದವನಿಗೆ ಅದು ಅಪಕೀರ್ತಿಯೂ ಆಗುತ್ತಿರಲಿಲ್ಲ.

ಇಂಗ್ಲಿಷರ ಪಕ್ಷವನ್ನು ಅವನು ವಹಿಸಿದನೆಂದು ಕೆಲವರು ಹೇಳುವರು. ಸ್ವದೇಶಾಭಿಮಾನವನ್ನು ತೋರಿಸಿ ದ್ರೋಹಿಯೆಂಬ ಕಳಂಕವನ್ನು ತೊಳೆದುಕೊಳ್ಳುವ ಅವಶ್ಯಕತೆಯು ಅವನಿಗಿದ್ದುದೂ ನಿಜವು. ಆದರೆ ಮುಂದಿನ ನಡತೆಯನ್ನು ನೋಡಬೇಕು. ಆ ನವೆಂಬರ್ ೨೩ರಂದು ಲೋವರನೂ ಅವನ ಸಂಗಡಿಗನೂ ಸೊಸೈಟಿಯ ಎದುರಿಗೆ ಆರ್ಥರ್ ಕೋಗಾ ಎಂಬವನಿಗೆ ಕುರಿಯ ರಕ್ತವನ್ನು ಕೊಟ್ಟುದನ್ನು ಪ್ರಕಟಿಸಿದಂತೆಯೇ, ದೆನಿಯು ಒಬ್ಬ ಮರುಳನಿಗೆ ಕರುವಿನ ರಕ್ತವನ್ನು ಕೊಟ್ಟ ವೃತ್ತಾಂತವನ್ನೂ ೧೬೬೮ರಲ್ಲಿ ಪ್ರಕಟಿಸಿದನು. ಆ ರೋಗಿಯು ಸತ್ತು, ಪ್ಯಾರಿಸಿನ ನ್ಯಾಯಸ್ಥಾನದಲ್ಲಿ ವ್ಯಾಜ್ಯವಾದಾಗ ದೆನಿಯ ಸಮಜಾಯಿಷಿಯನ್ನೂ ಅದೇ ಪತ್ರಿಕೆಯಲ್ಲಿ ಕೊಟ್ಟನು. ತಾನು ಖಂಡಿಸಿದವನಿಗೆ ತನ್ನ ಪತ್ರಿಕೆಯಲ್ಲಿಯೇ ಎಡೆಯನ್ನು ಕೊಡುವುದು ಸಾಮಾನ್ಯರಿಂದಾಗುವ ಕಾರ್ಯವಲ್ಲ.

ಇನ್ನು ಅವನು ಎಡವಿದ ಎಡೆಯನ್ನು ಹೇಳುವೆವು. ೧೬೭೨ರ ಫೆಬ್ರುವರಿಯಲ್ಲಿ ಕೇಂಬ್ರಿಜಿನಿಂದ ಐಸಾಕ್ ನ್ಯೂಟನ್ನನು ಬೆಳಕು ಮತ್ತು ಬಣ್ಣಗಳ ವಿಷಯವಾಗಿ ಒಂದು ಪತ್ರವನ್ನು ಕಳುಹಿದನು. ಬಿಳಿಯ ಬೆಳಕು ಹಲವು ಬಣ್ಣದ ಕಿರಣಗಳ ಕೂಟವೆಂಬ ಮಹತ್ತಾದ ಸಿದ್ಧಾಂತವು ಅದರಲ್ಲಿದ್ದಿತು. ೮ನೆಯ ತಾರೀಖು ಸಭೆಯಲ್ಲಿ ಓದಿದುದು ೧೯ನೆಯ ತಾರೀಖಿನ ೮೦ನೆಯ ಸಂಚಿಕೆಯಲ್ಲಿ ಅಚ್ಚಾಯಿತು. ಪರೀಕ್ಷಿಸಿ ಅಭಿಪ್ರಾಯವನ್ನು ಹೇಳಲು ನೇಮಕವಾದ ರಾಬರ್ಟ್ ಹುಕ್ಕನು ಒಂದು ವಾರದಲ್ಲಿಯೇ ಆಕ್ಷೇಪಗಳನ್ನು ಬರೆದು ತಂದನು. ಎರಡನ್ನೂ ಒಟ್ಟಿಗೆ ಪ್ರಕಟಿಸಿದರೆ ನ್ಯೂಟನ್ನನಿಗೆ ಅಗೌರವವಾದೀತೆಂದು ಸಭೆಯು ಹುಕ್ಕನ ಬರಹವನ್ನು ತಡೆಹಿಡಿಯಿತು. ಅಷ್ಟರವರೆಗೆ ಸರಿಯೇ. ಆದರೆ ಅದೇ ನವೆಂಬರಿನಲ್ಲಿ, ಹುಕ್ಕನಿಗೆ ನ್ಯೂಟನ್ನನು ಕೊಟ್ಟ ದೀರ್ಘವಾದ ಉತ್ತರವು ೮೮ನೆಯ ಸಂಚಿಕೆಯಲ್ಲಿ ಬಂದಿತು. ಆಕ್ಷೇಪವು ಬರಲೇ ಇಲ್ಲ. ಆಕ್ಷೇಪಿಸಿದವರ ಹೆಸರನ್ನು ಬಿಡಬೇಕೆಂದು ಓಲ್ಡೆನ್‌ಬರ್ಗನು ನ್ಯೂಟನ್ನನಿಗೆ ಸೂಚಿಸಿದ್ದುದು ಕಲಹವನ್ನು ತಡೆಯುವ ಸದುದ್ದೇಶದಿಂದಲೇ ಇರಬಹುದು. ಪರಿಣಾಮವು ಮಾತ್ರ ಬೇರೆಯಾಯಿತು. ವಾದಿಯ ಮಾತನ್ನು ಕೇಳಿಸದೆ ಪ್ರತಿವಾದಿಯ ಮಾತನ್ನು ಮಾತ್ರ ಊರಿಗೆಲ್ಲ ಸಾರಿದಂತಾಯಿತು. ಹುಕ್ಕನ ಆ ಬರಹವು ಬೆಳಕನ್ನು ಕಂಡುದು ೧೭೫೭ರಲ್ಲಿ, ಸೊಸೈಟಿಯ ಚರಿತ್ರೆಯನ್ನು ಬರೆದ ಥಾಮಸ್ ಬರ್ಚನ ಗ್ರಂಥದಲ್ಲಿ. ಅಷ್ಟರಲ್ಲಿ ಅದನ್ನು ಬರೆದವನು ತೀರಿ ಐವತ್ತು ವರುಷಗಳು ಕಳೆದಿದ್ದುವು. ಫ್ರಾನ್ಸಿನ ಪಾದ್ರಿಯಾದ ಪಾರ್ದೀಯು ಎತ್ತಿದ ಶಂಕೆಗಳನ್ನಾದರೋ ನ್ಯೂಟನ್ನನ ಸಮಾಧಾನಗಳೊಡನೆ ಪ್ರಕಟಿಸಿದುದರಿಂದ ಆ ಚರ್ಚೆಯು ಮರ್ಯಾದೆಯಿಂದ ಮುಗಿದು, ಪಾರ್ದೀಯು ಸಂತೃಪ್ತನಾದನು. ಒಂದೇ ವರುಷದಲ್ಲಿ, ಒಂದೇ ಪತ್ರಿಕೆಯಲ್ಲಿ ಈ ಎರಡು ರೀತಿಗಳು ನಡೆದುವೆಂಬುದು ಗಮನಾರ್ಹವು.

ಹುಕ್ಕನು ಸುಲಭದ ಮನುಷ್ಯನಲ್ಲ. ಸೊಸೈಟಿಯ ಪ್ರಯೋಗಗಳನ್ನೆಲ್ಲ ನಡಿಸುತ್ತಿದ್ದ ಅಸಾಧಾರಣ ಬುದ್ಧಿಶಾಲಿ. ನೂರು ಕೆಲಸಗಳನ್ನು ತೊಡಗಿ ಹಲವನ್ನು ಅರ್ಧಕ್ಕೆ ಬಿಟ್ಟವನು. ಬೇರೆ ಯಾರು ಏನು ಕಂಡರೂ ಅದನ್ನು ತಾನು ಮೊದಲೇ ಕಂಡಿದ್ದೆನೆನ್ನುವ ಅಭ್ಯಾಸವು ಅವನಿಗಿದ್ದಿತು. ಹಲವು ವೇಳೆ ಆ ಮಾತು ಸತ್ಯವೂ ಆಗಿರುತ್ತಿದ್ದಿತು. ೧೬೭೫ರ ಆರಂಭದಲ್ಲಿ ಕ್ರಿಸ್ಟಿಯಾನ್ ಹೈಗೆನ್ಸನು, ಸುರುಳಿಯಾದ ಸ್ಪ್ರಿಂಗಿನಿಂದ ತೂಗುಚಕ್ರವನ್ನು ಕ್ರಮಪಡಿಸುವ ಹೊಸ ಗಡಿಯಾರದ ರಹಸ್ಯವನ್ನು ಮೊದಲು ಒಗಟಾಗಿಯೂ ಬಳಿಕ ಬಿಡಿಸಿಯೂ ಓಲ್ಡೆನ್‌ಬರ್ಗನಿಗೆ ಬರೆದನು. ಅದರ ವಿವರಣೆಯು ಪ್ಯಾರಿಸಿನ ಪತ್ರಿಕೆಯಲ್ಲಿ ಬಂದ ಮರುತಿಂಗಳೇ ಟ್ರ್ಯಾನ್ಸಾಕ್ಷನ್ಸಿನಲ್ಲಿಯೂ ಬಂದಿತು. ಹುಕ್ಕನು ಕೆರಳಿದನು. ಹದಿನೈದು ವರುಷಗಳ ಹಿಂದೆಯೇ ತಾನು ಅದನ್ನು ಯೋಚಿಸಿದ್ದೆನೆಂದೂ, ಸಭೆಯಲ್ಲಿ ತೋರಿಸಿದ್ದೆನೆಂದೂ, ಕಾರ್ಯದರ್ಶಿಯು ತನ್ನ ಗುಟ್ಟನ್ನು ಪರದೇಶಕ್ಕೆ ರವಾನಿಸಿದನೆಂದೂ ಗ್ರಂಥದ ಅನುಬಂಧದಲ್ಲಿಯೇ ಬರೆದನು. ಸುದ್ದಿಯನ್ನು ಮಾರುವ ವ್ಯಾಪಾರಿಯೆಂದು ಹೀಗಳೆದನು. ಸೆರೆಯನ್ನು ಕಂಡುಬಂದ ಪರದೇಶೀಯನಿಗೆ ಈ ಮಾತು ಎಷ್ಟು ನೋಯಿಸಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಇಲ್ಲಿ ಒಂದು ತೊಡಕಿದ್ದಿತು. ಇಂಗ್ಲೆಂಡಿನಲ್ಲಿ ಆ ಗಡಿಯಾರದ ಹಕ್ಕುಪತ್ರವನ್ನು ಪಡೆಯುವ ಲಾಭವನ್ನು ಹೈಗೆನ್ಸನು ಓಲ್ಡೆನ್‌ಬರ್ಗನಿಗೇ ಬಿಟ್ಟುಕೊಟ್ಟಿದ್ದನು. ಹೊಟ್ಟೆಬಟ್ಟೆಗೆ ಸಾಲದ ಕಾರ್ಯದರ್ಶಿಯು ಅದನ್ನು ಬೇಡವೆನ್ನಲಿಲ್ಲ. ಯಾವ ವಸ್ತುವಿನಿಂದ ತನಗೆ ಹಣವು ಬರುವಂತಿದ್ದಿತೋ ಅದರ ಮೂಲಕರ್ತೃವು ಯಾರೆಂಬ ವಿವಾದದಲ್ಲಿ ತಾನೇ ದಾಖಲೆಗಳನ್ನು ಹಿಡಿದವನಾದನು. ಮನಸ್ಸು ಎಷ್ಟು ಶುದ್ಧವಾಗಿದ್ದರೂ ಅಂತಹ ಎಡೆಯಲ್ಲಿ ನಿಂತವನ ಮೇಲೆ ಸಂಶಯವು ಬಾರದಿರಲಾರದು. ಓಲ್ಡೆನ್‌ಬರ್ಗನು ಪತ್ರಿಕೆಯಲ್ಲಿಯೇ ಉತ್ತರಕೊಟ್ಟನು. ೧೬೭೬ರ ನವೆಂಬರಿನಲ್ಲಿ ಮಂಡಲಿಯು ಅವನ ಪ್ರಾಮಾಣಿಕತೆಯನ್ನು ಎತ್ತಿಹಿಡಿದು ಹೊರಡಿಸಿದ ನಿರ್ಣಯವೂ ಅಚ್ಚಾಯಿತು. ಗುಟ್ಟನ್ನು ಕದ್ದು ರವಾನಿಸಿದನೆಂಬ ಆರೋಪಕ್ಕೆ ಆಧಾರವು ಕಾಣುವುದಿಲ್ಲ. ಆದರೆ ಹುಕ್ಕನ ಕೈಬರೆಹದ ಹಳೆಯ ಹಾಳೆಗಳ ದೊಡ್ಡ ಕಟ್ಟೊಂದು ೨೦೦೬ರಲ್ಲಿ ದೊರೆತು ಸೊಸೈಟಿಯ ವಶವಾದ ಬಳಿಕ, ಗಡಿಯಾರವನ್ನು ಮೊದಲೇ ಸಭೆಗೆ ತೋರಿಸಿದ್ದೆನೆಂಬ ಅವನ ಮಾತಿಗೆ ಬಲವು ಬಂದಿದೆ.

ಈ ಕಲಹಗಳ ನಡುವೆಯೇ ಅವನ ಅತ್ಯುತ್ತಮ ಕಾರ್ಯವೊಂದು ಸಾಗಿದ್ದಿತು. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿಯಾದ ಲ್ಯೂವೆನ್‌ಹೋಕನು ತಾನೇ ಉಜ್ಜಿದ ಸಣ್ಣ ಗಾಜುಗಳಿಂದ ಕಂಡ ಅದ್ಭುತಗಳನ್ನು ೧೬೭೩ರಿಂದ ಬರೆಯತೊಡಗಿದನು. ಅವನಿಗೆ ಲ್ಯಾಟಿನ್ ಬಾರದು, ಪದವಿಯಿಲ್ಲ, ಪಂಡಿತರ ಶೈಲಿಯಿಲ್ಲ. ಓಲ್ಡೆನ್‌ಬರ್ಗನು ಅವನ ಡಚ್ ಪತ್ರಗಳನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸಿದನು. ಕುಲಗೋತ್ರಗಳನ್ನು ಕೇಳದೆ ಅನುಭವವನ್ನು ಕೇಳುವ ಈ ನಡತೆಯು ಶರಣಸಂಪ್ರದಾಯದಲ್ಲಿ ಬೆಳೆದ ನಮ್ಮ ಓದುಗರಿಗೆ ಪ್ರಿಯವಾಗದಿರದು. ೧೬೭೬ರ ಅಕ್ಟೋಬರಿನಲ್ಲಿ ಅವನು ಬರೆದ ಪತ್ರದಲ್ಲಿ, ಮೆಣಸಿನ ನೀರಿನ ಒಂದು ಹನಿಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಜೀವಿಗಳು ಚಲಿಸುವುವೆಂದಿದ್ದಿತು. ನಂಬುವರಾರು? ಓಲ್ಡೆನ್‌ಬರ್ಗನು ನಗಲೂ ಇಲ್ಲ, ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ೧೬೭೭ರ ಮಾರ್ಚ್ ತಿಂಗಳ ೧೩೩ನೆಯ ಸಂಚಿಕೆಯಲ್ಲಿ ಅದನ್ನು ಕೊಟ್ಟು, ನೋಡುವ ಕ್ರಮವನ್ನು ವಿವರಿಸಬೇಕೆಂದು ಬರೆದವನನ್ನು ಕೇಳಿಕೊಂಡನು. ಇತರರೂ ಅದನ್ನು ಕಂಡಲ್ಲದೆ ಮಾತು ನಿಲ್ಲದೆಂಬುದು ಅವನ ಭಾವನೆ.

ಆ ಉತ್ತರವು ಪೂರ್ತಿಯಾಗಿ ಬರುವವರೆಗೆ ಅವನು ಉಳಿಯಲಿಲ್ಲ. ೧೩೬ ಸಂಚಿಕೆಗಳನ್ನು ಹೊರಡಿಸಿ, ೧೬೭೭ರ ಸೆಪ್ಟೆಂಬರ್ ೫ರಂದು ಹಠಾತ್ತಾಗಿ ತೀರಿಕೊಂಡನು. ಎರಡು ವಾರಗಳೊಳಗೆ ಹೆಂಡತಿಯೂ ತೀರಿದಳು. ರೂಪರ್ಟ್, ಸೋಫಿಯಾ ಎಂಬ ಎರಡು ಚಿಕ್ಕ ಮಕ್ಕಳು ಅನಾಥರಾದರು. ಮನೆಯಲ್ಲಿದ್ದ ಪತ್ರಗಳ ಕಟ್ಟುಗಳನ್ನು ಸೊಸೈಟಿಯವರು ಪ್ರಯಾಸದಿಂದ ತರಿಸಿಕೊಂಡರು. ನ್ಯೂಟನ್ನನಿಗೂ ಲೈಬ್‌ನಿಟ್ಸನಿಗೂ ಗಣಿತದ ವಿಷಯದಲ್ಲಿ ಮುಂದೆ ವಿವಾದವು ಹೊತ್ತಿದಾಗ, ಅವನ ಮೂಲಕ ಹೋಗಿಬಂದಿದ್ದ ಪತ್ರಗಳನ್ನೇ ೧೭೧೨ರಲ್ಲಿ ಸಾಕ್ಷಿಯಾಗಿ ಮುಂದಿಟ್ಟರು. ಪತ್ರಿಕೆಯು ಕೆಲವು ಕಾಲ ಕುಂಟಿ, ನಿಂತು, ೧೬೮೩ರಲ್ಲಿ ಮತ್ತೆ ಹೊರಟಿತು. ಸೊಸೈಟಿಯು ಅದನ್ನು ತನ್ನದೆಂದು ವಹಿಸಿಕೊಂಡು, ಲೇಖನಗಳನ್ನು ಆರಿಸಲು ಮಂಡಲಿಯನ್ನು ನೇಮಿಸಿದುದು ೧೭೫೨ರಲ್ಲಿ.

ಅವನು ಬಿಟ್ಟುಹೋದ ಕಾರ್ಯದರ್ಶಿಯ ಸ್ಥಾನಕ್ಕೆ ಬಂದವರಲ್ಲಿ ಹುಕ್ಕನೂ ಒಬ್ಬನು. ಅವನು ಹಳೆಯ ನಡವಳಿಯ ಪುಸ್ತಕಗಳನ್ನು ಹಾಳೆಹಾಳೆಯಾಗಿ ತೆಗೆದು, ತನ್ನ ಹೆಸರನ್ನು ಎಲ್ಲೆಲ್ಲಿ ಬಿಟ್ಟಿದ್ದಾರೆಂದು ಹುಡುಕುತ್ತ ಕುಳಿತನು. ಆ ಅಕ್ಟೋಬರಿನಲ್ಲಿ ಡೆಲ್ಫ್ಟಿನಿಂದ ಪಾದ್ರಿಗಳೂ ಗೃಹಸ್ಥರೂ ಸೇರಿ ಎಂಟು ಮಂದಿಯ ಸಾಕ್ಷ್ಯಪತ್ರಗಳು ಬಂದುವು. ನವೆಂಬರ್ ೧೫ರಂದು ಅದೇ ಹುಕ್ಕನು ಮೆಣಸಿನ ನೀರಿನ ಹನಿಯನ್ನು ತೆಳುವಾದ ಗಾಜಿನ ಕೊಳವೆಯಲ್ಲಿಟ್ಟು ಸಭೆಯ ಸದಸ್ಯರಿಗೆ ಒಬ್ಬೊಬ್ಬರಿಗಾಗಿ ತೋರಿಸಿದನು. ಆ ಚಿಕ್ಕ ಜೀವಿಗಳು ಅದರಲ್ಲಿ ಈಜಾಡುತ್ತಿದ್ದುದನ್ನು ಎಲ್ಲರೂ ಕಂಡರು.